ಆಡದೇ ಉಳಿದ ಒಂದು ಮಾತು

ಟಾಲ್‌ಸ್ಟಾಯ್‌ ಅವರ ‘ಅನ್ನಾ ಕರೆನಿನಾ’ ಎಂದೊಡನೆ ಓದುಗರಿಗೆ ನೆನಪಾಗುವುದು ಅನ್ನಾಳ ದುರಂತ. 1875ರಿಂದ 1877ರವರೆಗೆ ಧಾರಾವಾಹಿಯಾಗಿ ಪ್ರಕಟವಾದ ಆ ಕೃತಿಯ ಆರನೆಯ ಭಾಗದಲ್ಲಿ ಬರುವ ಇಬ್ಬರು ಪೋಷಕ ಪಾತ್ರಗಳು ನನ್ನನ್ನು ಹೆಚ್ಚು ಕಾಡಿವೆ. ಲೆವಿನ್‌ನ ಅಣ್ಣ ಸೆರ್ಗೈ ಕೊಜ್ನಿಶೆವ್‌ ನಡುವಯಸ್ಸಿನ ವಿದ್ವಾಂಸ. ವಾರೆಂಕಾ ಪರರ ಆಶ್ರಯದಲ್ಲಿ ಬೆಳೆದು, ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದವಳು. ಬೇಸಿಗೆಯಲ್ಲಿ ಲೆವಿನ್‌ನ ಹಳ್ಳಿಮನೆಗೆ ಅತಿಥಿಗಳಾಗಿ ಬಂದ ಇವರಲ್ಲಿ, ತಾವೇ ಎಣಿಸದಿದ್ದ ಒಲವು ಮೊಳೆಯುತ್ತದೆ.

ಮಕ್ಕಳೊಡನೆ ಅಣಬೆ ಆಯಲು ಕಾಡಿಗೆ ಹೋದಾಗ ಆತ ಮದುವೆಯ ಪ್ರಸ್ತಾಪ ಮಾಡಲು ನಿಶ್ಚಯಿಸುತ್ತಾನೆ. ಆಕೆಯ ಗುಣಗಳನ್ನು ಒಂದೊಂದಾಗಿ ತೂಗುತ್ತಾನೆ. ಯೌವನದಲ್ಲೇ ತೀರಿಹೋದ ಪ್ರೇಯಸಿ ಮೇರಿಯ ನೆನಪು ಅಡ್ಡಿಯಲ್ಲವೆಂದು ತೀರ್ಮಾನಿಸುತ್ತಾನೆ. ಆಡಬೇಕಾದ ಮಾತುಗಳನ್ನೂ ಜೋಡಿಸಿಕೊಳ್ಳುತ್ತಾನೆ. ಕಡತಗಳಿಗೆ ಟಿಪ್ಪಣಿ ಬರೆಯುತ್ತಲೇ ಆಯುಷ್ಯ ಸವೆಸಿದ ನನ್ನಂಥವರಿಗೆ ಈ ಕ್ರಮ ಅಪರಿಚಿತವೇನಲ್ಲ. ಅಷ್ಟರಲ್ಲಿ ವಾರೆಂಕಾ, ತನಗೇ ಅರಿವಿಲ್ಲದೆ, ಅಣಬೆಯ ಮಾತೆತ್ತುತ್ತಾಳೆ. ಆತನೂ ಎರಡು ಬಗೆಯ ಅಣಬೆಗಳಿಗಿರುವ ವ್ಯತ್ಯಾಸವೇನೆಂದು ಕೇಳಿಬಿಡುತ್ತಾನೆ. ವ್ಯತ್ಯಾಸವಿರುವುದು ಕೊಡೆಯಲ್ಲಲ್ಲ, ಕಾಂಡದಲ್ಲಿ ಎನ್ನುತ್ತಾಳೆ ಆಕೆ. ಎಲ್ಲವೂ ಮುಗಿಯಿತೆಂದು ಇಬ್ಬರಿಗೂ ತಿಳಿದುಹೋಗುತ್ತದೆ.

ಮನೆಗೆ ಮರಳಿದ ಮೇಲೆ ಆತ, ಮೇರಿಯ ನೆನಪಿಗೆ ದ್ರೋಹ ಬಗೆಯಲಾರೆನೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಆ ಸಮಜಾಯಿಷಿಯನ್ನು ನಾನು ನಂಬಲಾರೆ. ತುಸು ಹೊತ್ತಿನ ಹಿಂದಷ್ಟೇ ಅದೇ ಆಕ್ಷೇಪವನ್ನು ಆತನೇ ತಳ್ಳಿಹಾಕಿದ್ದ. ವಾರೆಂಕಾಳ ಪಾಲಿಗೆ ಇಂಥ ಸಮಾಧಾನವೂ ಇರಲಿಲ್ಲ.