ನಾಟಕ ನಿಲ್ಲಲಿಲ್ಲ, ಕ್ಯಾಮೆರಾ ನಿಂತುಬಿಟ್ಟಿತು

ರಾತ್ರಿ ಒಂದೂಕಾಲು ಗಂಟೆ. ಊರ ಮುಂದಿನ ಬಯಲಿನಲ್ಲಿ ‘ಕುರುಕ್ಷೇತ್ರ’ ನಾಟಕ ನಡೆಯುತ್ತಿತ್ತು. ಕರ್ಣನ ಪಾತ್ರದಲ್ಲಿ ನಮ್ಮ ತಾತ, ಎದುರಿಗೆ ಕುಂತಿ. 71 ವರ್ಷದ ಆ ಗಂಟಲು ಮೇಲಿನ ಸ್ವರಕ್ಕೆ ಏರಿ ಅಲ್ಲೇ ನಿಂತಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕ್ಯಾಮೆರಾ ಹಿಂದೆ ನಿಂತಿದ್ದ ನಾನೂ ಒರೆಸಿಕೊಂಡೆ. ಸೀನ್ ಮುಗಿದು ಪರದೆ ಬಿತ್ತು. ಶಿಳ್ಳೆ, ಚಪ್ಪಾಳೆ. ಆಮೇಲೆ ಕ್ಯಾಮೆರಾ ಕಡೆ ನೋಡಿದರೆ ಕೆಂಪು ಚುಕ್ಕಿಯೇ ಇಲ್ಲ. ರೆಕಾರ್ಡಿಂಗ್ ನಿಂತು 12 ನಿಮಿಷವಾಗಿತ್ತು.

ಬೆಳಗಿನ ಜಾವ ಬಣ್ಣ ತೊಳೆದುಕೊಂಡು ಬಂದ ತಾತ, ಟೀ ಲೋಟ ಹಿಡಿದು ಕೇಳಿದ್ದು ಒಂದೇ ಮಾತು. ‘ನನ್ ಸೀನು ಬಂತೇನ್ಲಾ ಮಗ?’

‘ಬಂದದೆ ಕಣ್ ತಾತ’ ಎಂದೆ. ಆ ಸುಳ್ಳು ಮೂರು ದಿನವೂ ಬಾಳಲಿಲ್ಲ. ನಿಜ ಹೇಳಿದಾಗ ಅವರು ಬೈಯಲಿಲ್ಲ. ‘ಹೋಗ್ಲಿ ಬುಡು. ಬರೋ ವರ್ಷವೂ ಆಡ್ತೀನಲ್ಲ, ಆಗ ಹಿಡ್ಕೊ’ ಎಂದರು. ಬೈದಿದ್ದರೇ ವಾಸಿಯಿತ್ತು.

ಹೀಗೆ ಬೈರಾಪಟ್ಟಣದ ಒಬ್ಬ ಬಿ.ಇ. ಹುಡುಗನಿಗೆ ಪಠ್ಯದಲ್ಲಿಲ್ಲದ ಒಂದು ಪ್ರಾಜೆಕ್ಟ್ ಸಿಕ್ಕಿತು. ಇಡೀ ರಾತ್ರಿಯ ನಾಟಕವನ್ನು ಒಬ್ಬನೇ ನಿಂತು ಚಿತ್ರೀಕರಿಸಲು, ಕೈಗೆಟುಕುವ ಬೆಲೆಯಲ್ಲಿ ಎಂಥ ಕ್ಯಾಮೆರಾ ಬೇಕು?

ಅರ್ಧ ಗಂಟೆಯ ಲೆಕ್ಕ

ಮೊದಲು ತಪ್ಪೆಲ್ಲಿ ಆಯಿತು ಎಂದು ಹುಡುಕಿದೆ. ನಾನು ತಂದಿದ್ದು ಗೆಳೆಯನ ಡಿಎಸ್‌ಎಲ್‌ಆರ್. ಮದುವೆ ಫೋಟೊಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದು ಒಮ್ಮೆಗೆ 29 ನಿಮಿಷ 59 ಸೆಕೆಂಡ್ ವಿಡಿಯೊ ತೆಗೆದು ತಾನೇ ನಿಲ್ಲುತ್ತದೆ. ಮತ್ತೆ ಗುಂಡಿ ಒತ್ತಬೇಕು. ಕೆಟ್ಟು ನಿಂತಿದ್ದಲ್ಲ, ಅದನ್ನು ಮಾಡಿರುವುದೇ ಹಾಗೆ. ಐರೋಪ್ಯ ಒಕ್ಕೂಟದಲ್ಲಿ 30 ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು ಚಿತ್ರೀಕರಿಸುವ ಸಾಧನವನ್ನು ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಹೆಚ್ಚು ಸುಂಕ ಹಾಕುತ್ತಿದ್ದರು. ಸ್ಟಿಲ್ ಕ್ಯಾಮೆರಾ ಕಂಪನಿಗಳು ಒಂದು ಸೆಕೆಂಡ್ ಕಡಿಮೆ ಮಾಡಿ ಅದರಿಂದ ಪಾರಾದವು. ಯೂರೋಪಿನ ಸುಂಕದ ಲೆಕ್ಕ ಚನ್ನಪಟ್ಟಣ ತಾಲ್ಲೂಕಿನ ಕರ್ಣನಿಗೆ ಬಂದು ಬಡಿಯಿತು!

ನಮ್ಮ ಕಡೆಯ ನಾಟಕ ನೋಡದವರಿಗೆ ಒಂದು ಮಾತು. ಚನ್ನಪಟ್ಟಣ, ಮದ್ದೂರು, ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕ ಎಂದರೆ ರಾತ್ರಿ ಒಂಬತ್ತಕ್ಕೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುವ ಆಟ. ಪಾತ್ರಧಾರಿಗಳು ರೈತರು, ಬಸ್ ಕಂಡಕ್ಟರ್, ಅಂಗಡಿಯವರು. ದುಡ್ಡು ಪಡೆದು ಆಡುವವರಲ್ಲ, ಪಾತ್ರಕ್ಕೆ ತಾವೇ ದುಡ್ಡು ಹಾಕಿ ಆಡುವವರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀ ಪಾತ್ರಕ್ಕೆ ಕಲಾವಿದೆಯರು ಹೊರಗಿನಿಂದ ಬರುತ್ತಾರೆ. ಇಷ್ಟೆಲ್ಲ ಒಂದು ರಾತ್ರಿಗೆ. ‘ಇನ್ನೊಂದು ಸಲ ಆಡಿ, ಸರಿಯಾಗಿ ಬರಲಿಲ್ಲ’ ಎನ್ನುವ ಹಾಗಿಲ್ಲ.

ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ಹಲವು ಕ್ಯಾಮೆರಾ ಇಟ್ಟು ಚಿತ್ರಮಂದಿರಗಳಿಗೆ ತೋರಿಸುತ್ತಿದೆ. ಅಲ್ಲಿ ಪ್ರತಿ ಕ್ಯಾಮೆರಾಗೂ ಜನರಿದ್ದಾರೆ. ನನಗಿರುವುದು ಎರಡು ಕೈ, ಅದರಲ್ಲೊಂದು ಸೊಳ್ಳೆ ಹೊಡೆಯಲು ಬೇಕು.

ಬೆಲೆಗಿಂತ ಮೊದಲು ಪ್ರಶ್ನೆ

ಕೈಯಲ್ಲಿದ್ದದ್ದು 25 ಸಾವಿರ ರೂಪಾಯಿ. ಹತ್ತು ಸಾವಿರ ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು. ಉಳಿದದ್ದು ಅಪ್ಪ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ತಂದದ್ದು. ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಯವರು ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಆ ದುಡ್ಡನ್ನು ಜಾಹೀರಾತು ನೋಡಿ ಖರ್ಚು ಮಾಡಲು ಮನಸ್ಸು ಬರಲಿಲ್ಲ. ಹಾಗಾಗಿ ‘ಯಾವ ಕಂಪನಿ’ ಎಂಬುದನ್ನು ಬಿಟ್ಟು, ನಾಟಕಕ್ಕೆ ಏನು ಬೇಕು ಎಂದು ಬರೆದುಕೊಂಡೆ.

ಮೊದಲನೆಯದು, ನಿಲ್ಲದೆ ಓಡಬೇಕು. ಸಮಯದ ಮಿತಿ ಇರಬಾರದು, ಬಿಸಿಯಾಗಿ ಆರಿಹೋಗಬಾರದು, ಕರೆಂಟಿಗೆ ಸಿಕ್ಕಿಸಿಕೊಂಡೇ ರೆಕಾರ್ಡ್ ಮಾಡುವಂತಿರಬೇಕು.

ಎರಡನೆಯದು, ದೂರದಿಂದ ಮುಖ ಕಾಣಬೇಕು. ಜನರ ಹಿಂದೆ ಸುಮಾರು 40 ಅಡಿ ದೂರದಲ್ಲಿ ನನ್ನ ಜಾಗ. ಡಿಎಸ್‌ಎಲ್‌ಆರ್ ಜೊತೆ ಬರುವ 18–55 ಮಿ.ಮೀ. ಲೆನ್ಸನ್ನು ಪೂರ್ತಿ ಎಳೆದರೂ ಅಲ್ಲಿಂದ ಸುಮಾರು 16 ಅಡಿ ಅಗಲದ ನೋಟ ಸಿಗುತ್ತದೆ. ಅಂದರೆ ಅರ್ಧ ಸ್ಟೇಜು. ಕರ್ಣನ ಕಣ್ಣು ಕಾಣಬೇಕಾದರೆ ಇನ್ನೊಂದು ದುಬಾರಿ ಲೆನ್ಸ್ ಬೇಕು.

ಮೂರನೆಯದು, ಫೋಕಸ್ ತಪ್ಪಬಾರದು. ದೊಡ್ಡ ಸೆನ್ಸರ್ ಕಡಿಮೆ ಬೆಳಕಿನಲ್ಲೂ ಚಂದದ ಚಿತ್ರ ಕೊಡುತ್ತದೆ, ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಭಾವಚಿತ್ರಕ್ಕೆ ಅದು ವರ. ಆದರೆ ಭೀಮ ಹಿಂದಿನ ಪರದೆಯಿಂದ ಮುಂದಿನ ಮೈಕಿಗೆ ನಾಲ್ಕೇ ಹೆಜ್ಜೆಯಲ್ಲಿ ಬಂದಾಗ ಅದೇ ಶಾಪ. ಹ್ಯಾಂಡಿಕ್ಯಾಮ್‌ನಂಥ ಪುಟ್ಟ ಸೆನ್ಸರಿನಲ್ಲಿ ಹೆಚ್ಚುಕಡಿಮೆ ಇಡೀ ಸ್ಟೇಜೇ ಸ್ಪಷ್ಟವಾಗಿರುತ್ತದೆ. ಕತ್ತಲಲ್ಲಿ ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ನಿಜ. ಆದರೆ ಈಗಿನ ಸ್ಟೇಜಿಗೆ ಬೆಳಕಿನ ಬರವಿಲ್ಲ.

ಇಷ್ಟು ಬರೆದ ಮೇಲೆ ಉತ್ತರ ತಾನಾಗಿಯೇ ಬಂತು. ‘ಈಗ ಯಾರೋ ಹ್ಯಾಂಡಿಕ್ಯಾಮ್ ತಗೋತಾರೆ?’ ಎಂದು ಗೆಳೆಯರು ನಕ್ಕರು. 2021ರಲ್ಲಿ ಬಂದ ಸೋನಿ ಝಡ್‌ವಿ–ಇ10 ಥರದ ಮಿರರ್‌ಲೆಸ್ ಕ್ಯಾಮೆರಾಗೆ ಅರ್ಧ ಗಂಟೆಯ ಮಿತಿ ಇಲ್ಲ, ಮೈಕ್ ಸಾಕೆಟ್ಟೂ ಇದೆ. ಆದರೆ ನಾನು ವಿಚಾರಿಸಿದಾಗ ಲೆನ್ಸ್ ಸಮೇತ 60 ಸಾವಿರ ದಾಟುತ್ತಿತ್ತು, ದೂರದ ಲೆನ್ಸ್ ಬೇರೆ. ಸೋನಿಯ ಸಿಎಕ್ಸ್405 ಥರದ ಸಣ್ಣ ಹ್ಯಾಂಡಿಕ್ಯಾಮ್‌ನಲ್ಲಿ 30 ಪಟ್ಟು ಆಪ್ಟಿಕಲ್ ಜೂಮ್ ಇದೆ, ಹೊರಗಿನ ಮೈಕ್ ಸಿಕ್ಕಿಸುವ ಸಾಕೆಟ್ ಇಲ್ಲ. ಕೊನೆಗೆ ಬೆಂಗಳೂರಿನಲ್ಲಿ, ಮೈಕ್ ಸಾಕೆಟ್ ಇರುವ ಸೆಕೆಂಡ್‌ಹ್ಯಾಂಡ್ ಹ್ಯಾಂಡಿಕ್ಯಾಮ್ ಒಂದು 14 ಸಾವಿರಕ್ಕೆ ಸಿಕ್ಕಿತು. ಟ್ರೈಪಾಡ್ ನಾಲ್ಕು ಸಾವಿರ, ಹಳೆಯ ಆಡಿಯೊ ರೆಕಾರ್ಡರ್ ಐದು ಸಾವಿರ, 128 ಜಿಬಿ ಕಾರ್ಡ್ 1,200. ಮಿಕ್ಕ 800 ವೈರು, ಎಕ್ಸ್‌ಟೆನ್ಷನ್ ಬಾಕ್ಸಿಗೆ ಸರಿಹೋಯಿತು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮುಚ್ಚಳ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಕಪ್ಪಿನಲ್ಲಿ ಬಿಳಿ ಚುಕ್ಕಿ ಹೊಳೆದರೆ ಸೆನ್ಸರ್ ಕೆಟ್ಟಿದೆ. ಜೂಮ್ ಎಳೆದಾಗ ಸದ್ದು ಬರುತ್ತದೆಯೇ, ಮೈಕ್ ಸಾಕೆಟ್ ಅಲುಗಾಡುತ್ತದೆಯೇ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಒಂದು ಗಂಟೆ ಬಿಡದೆ ಓಡಿಸಿ. ನಾನು ಓಡಿಸಿದೆ. ಎರಡು ಟೀ ಅವರೇ ಕೊಡಿಸಿದರು.

ಕಾರ್ಡಿನ ಲೆಕ್ಕ ಸುಲಭ. ಸೆಕೆಂಡಿಗೆ 17 ಮೆಗಾಬಿಟ್ ಗುಣಮಟ್ಟವಾದರೆ 8ರಿಂದ ಭಾಗಿಸಿ, ಸುಮಾರು 2.1 ಮೆಗಾಬೈಟ್. ಗಂಟೆಗೆ ಸುಮಾರು ಏಳೂವರೆ ಜಿಬಿ, ಎಂಟು ಗಂಟೆಗೆ 60 ದಾಟುತ್ತದೆ. 64 ಜಿಬಿ ಕಾರ್ಡ್ ಕೊಂಡರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಜಾಗ ಮುಗಿದಿರುತ್ತದೆ.

ತಾಲೀಮು ಕ್ಯಾಮೆರಾಗೂ ಬೇಕು

ಹೊಸ ಕ್ಯಾಮೆರಾ ಹಿಡಿದು ನೇರ ನಾಟಕಕ್ಕೆ ಹೋಗದೆ, ಪಕ್ಕದೂರಿನ ನಾಟಕದಲ್ಲಿ ಪರೀಕ್ಷೆ ಮಾಡಿದೆ. ಮಾಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಎಲ್ಲ ತಪ್ಪೂ ಅಲ್ಲೇ ಆಯಿತು.

ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದ ವೈರ್ ಎಳೆದು ನೇರವಾಗಿ ಕ್ಯಾಮೆರಾದ ಮೈಕ್ ಸಾಕೆಟ್ಟಿಗೆ ಸಿಕ್ಕಿಸಿದ್ದೆ. ಮನೆಗೆ ಬಂದು ಕೇಳಿದರೆ ಹಾಡೆಲ್ಲ ಒಡೆದು ಹೋಗಿತ್ತು. ಮೈಕಿನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್. ಮಿಕ್ಸರ್‌ನಿಂದ ಬರುವುದು ಅದರ ನೂರಾರು ಪಟ್ಟು. ಎಲೆಕ್ಟ್ರಾನಿಕ್ಸ್ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವನೇ ನಾನು! ಆಮೇಲೆ ಮಿಕ್ಸರ್ ವೈರನ್ನು ರೆಕಾರ್ಡರಿನ ಲೈನ್ ಇನ್‌ಪುಟ್ಟಿಗೆ ಕೊಟ್ಟು, ಭೀಮ ಅಬ್ಬರಿಸುವಾಗಲೂ ಮಟ್ಟ ಮೈನಸ್ 12 ಡೆಸಿಬೆಲ್ ಮೀರದಂತೆ ತಗ್ಗಿಸಿಟ್ಟೆ. ಕ್ಯಾಮೆರಾದ ಸ್ವಂತ ಮೈಕನ್ನೂ ಚಾಲೂ ಇಟ್ಟೆ. ಜನರ ನಗು, ಶಿಳ್ಳೆ ಮಿಕ್ಸರ್‌ನಲ್ಲಿ ಸಿಗುವುದಿಲ್ಲ, ಅವಿಲ್ಲದ ನಾಟಕ ಖಾಲಿ ಕೊಟ್ಟಿಗೆಯಂತೆ ಕೇಳಿಸುತ್ತದೆ. ಎರಡನ್ನೂ ಜೋಡಿಸಲು ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿದರೆ ಸಾಕು. ಗಂಟೆಗಳು ಕಳೆದಂತೆ ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಪ್ರತಿ ಸೀನಿಗೂ ಹೊಸದಾಗಿ ಹೊಂದಿಸಿಕೊಳ್ಳಬೇಕು.

ಬೆಳಕಿನದು ಇನ್ನೊಂದು ಪಾಠ. ಹಿಂದೆ ಕಪ್ಪು ಪರದೆ, ಮುಂದೆ ಬಿಳಿ ಬಣ್ಣ ಬಳಿದ ಮುಖ. ಆಟೊಗೆ ಬಿಟ್ಟರೆ ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಏರಿಸುತ್ತದೆ, ಮುಖ ಸುಣ್ಣದ ಗೋಡೆಯಾಗುತ್ತದೆ. ಬೆಳಕಿನ ಮಟ್ಟವನ್ನು ಮುಖಕ್ಕೆ ಹೊಂದಿಸಿ ಸ್ಥಿರ ಮಾಡಿ. ವೈಟ್ ಬ್ಯಾಲೆನ್ಸನ್ನೂ ಹಾಗೇ ಕಟ್ಟಿಹಾಕಿ, ಇಲ್ಲವಾದರೆ ಬಣ್ಣದ ಲೈಟ್ ಬದಲಾದಾಗಲೆಲ್ಲ ಕೃಷ್ಣನ ಮೈಬಣ್ಣ ಬದಲಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಶಟರ್ ವೇಗ 1/50 ಇಟ್ಟರೆ ಚಿತ್ರ ಮಿಟುಕುವುದು ಕಡಿಮೆ. ಬ್ಯಾಟರಿ ಒಳಗಿರುವಾಗಲೇ ಅಡಾಪ್ಟರ್ ಸಿಕ್ಕಿಸಿ. ಕರೆಂಟು ಹೋಗಿ ಜನರೇಟರ್ ಎದ್ದುಕೊಳ್ಳುವವರೆಗೆ ಅದೇ ಕಾಯುತ್ತದೆ. ಇದನ್ನೂ ಮನೆಯಲ್ಲೇ ಪ್ಲಗ್ ಕಿತ್ತು ಪರೀಕ್ಷಿಸಿ.

ಒಬ್ಬರೇ ಇದ್ದಾಗ ದೊಡ್ಡ ಆಸರೆ ಎರಡನೇ ಕಣ್ಣು. ನನ್ನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಪವರ್ ಬ್ಯಾಂಕ್ ಸಿಕ್ಕಿಸಿ, ಹಾರ್ಮೋನಿಯಂ ಮೇಷ್ಟ್ರೂ ಸೇರಿ ಇಡೀ ಸ್ಟೇಜು ಕಾಣುವಂತೆ ಒಂದು ಕಂಬಕ್ಕೆ ಕಟ್ಟಿದೆ. ಹ್ಯಾಂಡಿಕ್ಯಾಮ್‌ನಲ್ಲಿ ನಾನು ಮುಖಗಳ ಹಿಂದೆ ಹೋಗುತ್ತೇನೆ. ಎಡವಿದರೆ ಮೊಬೈಲಿನ ಚಿತ್ರ ಇದ್ದೇ ಇರುತ್ತದೆ.

ಆ ರಾತ್ರಿ

ಈ ವರ್ಷ ನಮ್ಮೂರಲ್ಲಿ ಮತ್ತೆ ‘ಕುರುಕ್ಷೇತ್ರ’ ಆಯಿತು. ಕ್ಯಾಮೆರಾ ಒಂದು ಕ್ಷಣವೂ ನಿಲ್ಲಲಿಲ್ಲ. ನಡುರಾತ್ರಿ ಎರಡು ಸಲ ಕರೆಂಟು ಹೋಯಿತು, ಆಗಲೂ ನಿಲ್ಲಲಿಲ್ಲ. ಬೆಳಗಿನ ಐದೂವರೆಯವರೆಗೆ ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು.

ಆದರೆ ಕರ್ಣನ ಪಾತ್ರ ಮಾಡಿದ್ದು ತಾತ ಅಲ್ಲ. ದೀಪಾವಳಿ ಕಳೆದ ಮೇಲೆ ಅವರ ಗಂಟಲು ಕಟ್ಟಿತು, ಮತ್ತೆ ಬಿಡಲಿಲ್ಲ. ತಾಲೀಮಿನಲ್ಲಿ ಎರಡು ದಿನ ಪ್ರಯತ್ನಿಸಿ, ಮೂರನೇ ದಿನ ತಾವೇ ಕಿರೀಟವನ್ನು ದೊಡ್ಡಪ್ಪನ ಮಗನ ತಲೆಗೆ ಇಟ್ಟರು. ನಾಟಕದ ರಾತ್ರಿ ಶಾಲು ಹೊದ್ದು ಹಾರ್ಮೋನಿಯಂ ಪಕ್ಕ ಕೂತಿದ್ದರು. ನಾನು ಅಣ್ಣನ ಮುಖಕ್ಕೆ ಜೂಮ್ ಹಾಕಿದ್ದೆ, ತಾತನ ಕಡೆ ನೋಡಲೂ ಇಲ್ಲ.

ವಾರದ ನಂತರ ಎಡಿಟ್ ಮಾಡಲು ಕೂತು ಮೊಬೈಲಿನ ವಿಡಿಯೊ ತೆರೆದೆ. ಕುಂತಿ–ಕರ್ಣರ ಸೀನು. ಚಿತ್ರದ ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಾತ್ರದಲ್ಲಿ ತಾತ. ಅಣ್ಣ ಹಾಡುವ ಪ್ರತಿ ಸಾಲಿಗೂ ಅವರ ತುಟಿ ಆಡುತ್ತಿದೆ, ಕೈ ಏಳುತ್ತಿದೆ, ಮೇಲಿನ ಸ್ವರ ಬಂದಾಗ ಕತ್ತು ನೀಳವಾಗುತ್ತಿದೆ. ಶಬ್ದ ಮಾತ್ರ ಇಲ್ಲ. ತಾತನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ‘ನನ್ನೂ ಹಿಡಿದಿದ್ದೀಯಲ್ಲೋ’ ಎಂದರು. ಹಿಡಿದದ್ದು ನಾನಲ್ಲ, ಕಂಬಕ್ಕೆ ಕಟ್ಟಿದ ಮೊಬೈಲು ಎಂದು ಹೇಳಲಿಲ್ಲ. ಈ ಸಲದ ಸುಳ್ಳು ಹಾಗೇ ಇರಲಿ.

ನಾನು ಕಾಲೇಜಿಗೆ ಹೋಗುವ ಬಸ್ಸು ಜಾನಪದ ಲೋಕದ ಮುಂದೆ ಹಾದುಹೋಗುತ್ತದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ನಿವೃತ್ತಿಯ ನಂತರ 15 ಎಕರೆಯಲ್ಲಿ ಕಟ್ಟಿದ ಈ ಲೋಕ 1994ರಲ್ಲಿ ಆರಂಭವಾಯಿತು. ಅಲ್ಲಿ ಒನಕೆ, ನೇಗಿಲುಗಳಷ್ಟೇ ಅಲ್ಲ, ಹಳ್ಳಿಯ ಹಾಡುಗಾರರ ಧ್ವನಿಯನ್ನೂ ಕಾಪಿಡಲಾಗಿದೆ. ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿದ ಕಾಲದ ಕೆಲಸ ಅದು. ಜೇಬಿನಲ್ಲೇ ಕ್ಯಾಮೆರಾ ಇರುವ ನಮಗೆ ನೆಪ ಹೇಳಲು ಜಾಗವಿಲ್ಲ.

ಈ ಸುಗ್ಗಿಯಲ್ಲಿ ಅಕ್ಕಪಕ್ಕದ ಮೂರು ಊರಿನವರು ಕರೆದಿದ್ದಾರೆ. ರಾತ್ರಿಗೆ ಮೂರು ಸಾವಿರ, ಊಟ ಅವರದೇ. ಅಪ್ಪನ ಗೂಡಿನ ದುಡ್ಡು ನಿಧಾನವಾಗಿ ಹಿಂದಿರುಗುತ್ತಿದೆ. ಯೂಟ್ಯೂಬಿಗೆ ಹಾಕುವ ಮೊದಲು ಪಾತ್ರಧಾರಿಗಳ ಒಪ್ಪಿಗೆ ಕೇಳುತ್ತೇನೆ. ನಡುವೆ ಸಿನಿಮಾ ಹಾಡು ನುಡಿಸಿದ್ದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ, ಆ ಭಾಗ ಕತ್ತರಿಸುತ್ತೇನೆ.

ನಿಮ್ಮ ಮನೆಯಲ್ಲೂ ಹಾಡುವ, ಕುಣಿಯುವ, ಸೋಬಾನೆ ಹೇಳುವ ಯಾರಾದರೂ ಇದ್ದರೆ ಒಳ್ಳೆಯ ಕ್ಯಾಮೆರಾ ಬರಲಿ ಎಂದು ಕಾಯಬೇಡಿ. ನಿಲ್ಲದೆ ಓಡುವಂಥದ್ದು ಸಾಕು. ಅದನ್ನು ಹಿಡಿದು ಈ ವರ್ಷವೇ ಹೋಗಿ. ಬರುವ ವರ್ಷ ಕ್ಯಾಮೆರಾ ಇನ್ನೂ ಅಗ್ಗವಾಗಬಹುದು. ಗಂಟಲು ಹಾಗೇ ಇರುತ್ತದೆ ಎನ್ನಲಾಗದು.

– ಬಿ.ಇ. ವಿದ್ಯಾರ್ಥಿ, ಬೈರಾಪಟ್ಟಣ