ಕುಲದೈವವನ್ನು ತೊರೆದವರು: ಒಂದು ಕಲ್ಪಿತ ಲೋಕದಲ್ಲಿ ಮತಾಂತರ

ದೇವರಿದ್ದಾನೆಯೇ ಎಂಬ ಸಂದೇಹಕ್ಕೆ ಎಡೆಯೇ ಇಲ್ಲದ, ಒಂದೊಂದು ಕುಲಕ್ಕೂ ಅದನ್ನು ಸೃಷ್ಟಿಸಿದ ದೈವವೇ ಪ್ರತ್ಯಕ್ಷವಾಗಿರುವ ಲೋಕದಲ್ಲಿ ಮತಾಂತರಕ್ಕೆ ಅರ್ಥವೇನು? ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟ ಈ ಪ್ರಶ್ನೆಯನ್ನು ಅರಿತೋ ಅರಿಯದೆಯೋ ಎತ್ತಿತು. ಆಟಗಾರರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳವುರುಳಿಸುತ್ತ ಕಥೆ ಕಟ್ಟುತ್ತಾರೆ. ತಾಳಮದ್ದಳೆಯಂತೆ ಇದೂ ಮಾತಿನಲ್ಲೇ ನಡೆಯುವಂಥದು. ಆದರೆ ಪ್ರಸಂಗದ ಕೊನೆ ಮಾತ್ರ ಯಾರಿಗೂ ಮೊದಲೇ ತಿಳಿದಿರುವುದಿಲ್ಲ.

ಈ ಲೋಕದಲ್ಲಿ ಎಲ್ಫ್‌ಗಳು ಕೊರೆಲನ್ ದೇವರ ಒಕ್ಕಲು, ಕುಳ್ಳರಾದ ಡ್ವಾರ್ಫ್‌ಗಳು ಮೊರಾಡಿನ್ ದೇವರ ಒಕ್ಕಲು, ಆರ್ಕ್‌ಗಳು ಒಕ್ಕಣ್ಣನಾದ ಗ್ರೂಮ್ಶ್‌ನ ಒಕ್ಕಲು. ಪಾತಾಳವಾಸಿಗಳಾದ ಕಪ್ಪು ಮೈಯ ಡ್ರೌಗಳದು ಜೇಡದ ದೇವತೆ ಲಾಲ್ತ್. ದೈವಕ್ಕೂ ಹುಟ್ಟಿಗೂ ಹಾಕಿದ ಈ ಗಂಟನ್ನು ಆಟದ ನಿಯಮಗಳೂ ಬಿಗಿಗೊಳಿಸಿದ್ದವು. 1978ರ ನಿಯಮಗ್ರಂಥ ಎಲ್ಫ್, ಡ್ವಾರ್ಫ್ ಪಾತ್ರ ವಹಿಸುವ ಆಟಗಾರನಿಗೆ ಅರ್ಚಕವೃತ್ತಿಯನ್ನೇ ನಿರಾಕರಿಸಿತ್ತು. ಅರ್ಧ-ಆರ್ಕ್ ಅರ್ಚಕನು ನಾಲ್ಕನೆಯ ಮೆಟ್ಟಿಲಿನ ಮೇಲೆ ಏರುವಂತಿರಲಿಲ್ಲ. 2000ದ ಮೂರನೆಯ ಆವೃತ್ತಿಯಲ್ಲಷ್ಟೇ ಇಂಥ ಕಟ್ಟುಗಳು ಪೂರ್ತಿಯಾಗಿ ಕಳಚಿದವು.

ಕುಲದೈವವನ್ನು ತೊರೆಯುವುದೆಂದರೆ ಅದರ ಕಥೆಯನ್ನೂ ತೊರೆಯುವುದೆಂಬುದನ್ನು ಆರ್ಕ್‌ಗಳ ಪುರಾಣ ಸ್ಪಷ್ಟಪಡಿಸುತ್ತದೆ. ರೋಜರ್ ಮೂರ್ 1982ರಲ್ಲಿ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಬರೆದ ಈ ಪುರಾಣದ ಪ್ರಕಾರ, ಆದಿಯಲ್ಲಿ ದೇವತೆಗಳು ತಮ್ಮ ತಮ್ಮ ಮಕ್ಕಳ ನೆಲೆಗಾಗಿ ಚೀಟಿಯೆತ್ತಿದರು. ಕಾಡು ಎಲ್ಫ್‌ಗಳಿಗಾಯಿತು, ಬೆಟ್ಟ ಡ್ವಾರ್ಫ್‌ಗಳಿಗಾಯಿತು. ಗ್ರೂಮ್ಶ್‌ನ ಸರದಿ ಬಂದಾಗ ಏನೂ ಉಳಿದಿರಲಿಲ್ಲ. ದೇವತೆಗಳು ನಕ್ಕರು. ಅವನು ಕೆರಳಿ ಈಟಿಯಿಂದ ಬೆಟ್ಟಗಳನ್ನು ಸೀಳಿ, ತನ್ನವರು ಅಲ್ಲಿಯೇ ನೆಲೆಸುವರೆಂದು ಸಾರಿದನು. ಕೊರೆಲನ್‌ನೊಡನೆ ನಡೆದ ಯುದ್ಧದಲ್ಲಿ ಅವನು ಕಣ್ಣು ಕಳೆದುಕೊಂಡನೆಂಬುದು ಎಲ್ಫ್‌ಗಳ ಪುರಾಣ. ಹೀಗಿರುವಾಗ ಆರ್ಕ್ ಒಬ್ಬನು ಕೊರೆಲನ್‌ಗೆ ಶರಣಾದರೆ ಅವನು ಬಿಡುವುದು ಕ್ರೌರ್ಯವನ್ನಷ್ಟೇ ಅಲ್ಲ, ತನ್ನ ಜನಕ್ಕೆ ಅನ್ಯಾಯವಾಯಿತೆಂದು ಹೇಳುವ ಏಕೈಕ ಕಥೆಯನ್ನೂ ಬಿಡುತ್ತಾನೆ. ಈ ನಷ್ಟದ ಲೆಕ್ಕವನ್ನು ಆಟದ ಗ್ರಂಥಗಳು ಬಹುಕಾಲ ಇಡಲಿಲ್ಲ. ಅದು ಅವುಗಳ ದೊಡ್ಡ ಕೊರತೆ.

ಆರ್. ಎ. ಸಾಲ್ವಟೋರನ ಕಾದಂಬರಿಗಳ ನಾಯಕ ಡ್ರಿಜ್ಟ್‌ಗೆ ಇಂಥ ನಷ್ಟವಿಲ್ಲ. ಅವನು ಡ್ರೌ, ಲಾಲ್ತ್‌ನ ನಗರದಲ್ಲಿ ಹುಟ್ಟಿ ಅದನ್ನು ಬಿಟ್ಟು ಭೂಮಿಯ ಮೇಲಕ್ಕೆ ಬಂದವನು. 1991ರ ‘ಸೋಜರ್ನ್’ ಕಾದಂಬರಿಯಲ್ಲಿ ಮೊಂಟೋಲಿಯೊ ಎಂಬ ಕುರುಡ ಮಾನವ ವನಪಾಲಕನು ಅವನಿಗೆ ಮೀಲಿಕ್ಕಿ ಎಂಬ ವನದೇವತೆಯ ಪರಿಚಯ ಮಾಡಿಸುತ್ತಾನೆ. ಈಕೆ ಮೂಲತಃ ಫಿನ್‌ಲೆಂಡಿನ ಜನಪದರ ದೇವತೆ. ಇಲ್ಲಿ ಬಲವಂತವಿಲ್ಲ, ಆಮಿಷವಿಲ್ಲ, ದೀಕ್ಷಾವಿಧಿಯ ಆಡಂಬರವಿಲ್ಲ. ಶಿಷ್ಯನ ಎದೆಯಲ್ಲಿ ಮೊದಲೇ ಇದ್ದುದಕ್ಕೆ ಗುರು ಒಂದು ಹೆಸರು ಕೊಡುತ್ತಾನೆ, ಅಷ್ಟೆ. ಬಣ್ಣ ಕಾಣದವನೇ ಆ ಗುರುವಾಗಿರುವುದು ಆಕಸ್ಮಿಕವಲ್ಲ.

ಕಣ್ಣುಳ್ಳವರ ಲೋಕ ಬೇರೆ. 1989ರ ‘ಸ್ಟ್ರೀಮ್ಸ್ ಆಫ್ ಸಿಲ್ವರ್’ ಕಾದಂಬರಿಯಲ್ಲಿ, ಔದಾರ್ಯಕ್ಕೆ ಹೆಸರಾದ ಸಿಲ್ವರಿಮೂನ್ ನಗರದ ಕಾವಲುಗಾರರೇ ಅವನನ್ನು ಒಳಗೆ ಬಿಡುವುದಿಲ್ಲ. ಆಮೇಲೆ ನಗರದ ಒಡತಿ ಅಲಸ್ಟ್ರಿಯಲ್ ಹೊರಗೆ ಬಂದು ವಿಷಾದ ವ್ಯಕ್ತಪಡಿಸುತ್ತಾಳೆ. ಪ್ರವೇಶ ಮಾತ್ರ ದೊರೆಯದು. ದೈವ ಕೇಳದ ಕುಲವನ್ನು ಊರ ಬಾಗಿಲು ಕೇಳುತ್ತದೆ. ಕನ್ನಡ ಓದುಗರಿಗೆ ಇಲ್ಲಿ ಹರಳಯ್ಯ-ಮಧುವರಸರ ನೆನಪಾಗದಿರದು. ಲಿಂಗದೀಕ್ಷೆಯಿಂದ ಪೂರ್ವದ ಜಾತಿ ಅಳಿಯಿತೆಂದು ಶರಣರು ಬಗೆದರು. ಬಿಜ್ಜಳನ ಆಸ್ಥಾನ ಹಾಗೆ ಬಗೆಯಲಿಲ್ಲವೆಂದು ಶರಣಚರಿತೆಗಳು ಹೇಳುತ್ತವೆ. ಆದರೆ ಕಲ್ಯಾಣದಲ್ಲಿ ಒಂದು ಸಮುದಾಯವೇ ನಡೆದಿತ್ತು. ಡ್ರಿಜ್ಟ್ ಒಂಟಿ, ಅವನ ಒಳ್ಳೆಯತನ ಉಳಿದ ಡ್ರೌಗಳ ಕೆಡುಕಿಗೆ ಸಾಕ್ಷಿಯಾಗಿ ಬಳಕೆಯಾಗುವ ಅಪವಾದ.

ಲೀಸಾ ಸ್ಮೆಡ್‌ಮನ್‌ಳ 2008ರ ಕಾದಂಬರಿಯೊಂದು ಇನ್ನೂ ಮುಂದೆ ಹೋಗಿ, ಮಂತ್ರಬಲದಿಂದ ಕೆಲವು ಡ್ರೌಗಳ ಮೈಯನ್ನೇ ಕಂದುಬಣ್ಣಕ್ಕೆ ತಿರುಗಿಸಿತು. ಉದ್ಧಾರಕ್ಕೆ ಚರ್ಮದ ಬದಲಾವಣೆಯೂ ಬೇಕೆಂಬ ಈ ಧ್ವನಿ ಒಪ್ಪತಕ್ಕದ್ದಲ್ಲ.

ಆಟದ ಪ್ರಕಾಶಕರು 2020ರಲ್ಲಿ, ಆರ್ಕ್ ಮತ್ತು ಡ್ರೌಗಳನ್ನು ಹುಟ್ಟುದುಷ್ಟರೆಂದು ಚಿತ್ರಿಸುವುದನ್ನು ಬಿಡುವುದಾಗಿ ಪ್ರಕಟಿಸಿದರು. ಲಾಲ್ತ್‌ಗೆ ಎಂದೂ ಒಕ್ಕಲಾಗದ ಡ್ರೌಗಳ ನಗರವೊಂದನ್ನು ಸಾಲ್ವಟೋರನೇ 2021ರಲ್ಲಿ ಕಥೆಗೆ ತಂದನು. 2024ರ ಆಟಗಾರರ ಕೈಪಿಡಿ ‘ಜನಾಂಗ’ ಎಂಬ ಪದವನ್ನೇ ಕೈಬಿಟ್ಟು ‘ಜೀವಜಾತಿ’ ಎಂಬರ್ಥದ ಪದವನ್ನು ಬಳಸಿದೆ. ಅದರಲ್ಲಿ ಆರ್ಕ್‌ಗಳ ಬಗೆಗೆ ಗಮನಾರ್ಹವಾದ ಮಾತೊಂದಿದೆ: ಬೇರೆ ದೇವರಿಗೆ ನಡೆದುಕೊಂಡರೂ ಗ್ರೂಮ್ಶ್ ಕೊಟ್ಟ ತಾಳ್ಮೆ, ಛಲ, ಕತ್ತಲಲ್ಲಿ ಕಾಣುವ ಶಕ್ತಿ ಇವು ಅವರಲ್ಲೇ ಉಳಿಯುತ್ತವೆ.