ಕ್ಲೌಡ್ ಕಂಪ್ಯೂಟಿಂಗ್‌ನಿಂದ ವಿದ್ಯುತ್ ಉಳಿತಾಯ

ಮೊಬೈಲ್‌ನಲ್ಲಿ ಪಹಣಿ ನೋಡುವುದು, ಮಾರುಕಟ್ಟೆ ಧಾರಣೆ ತಿಳಿಯುವುದು ನಮ್ಮ ರೈತರಿಗೆ ಈಗ ರೂಢಿಯಾಗಿದೆ. ಈ ಮಾಹಿತಿ ಮೊಬೈಲ್‌ನೊಳಗೆ ಇರುವುದಿಲ್ಲ. ದೂರದ ಕಟ್ಟಡವೊಂದರಲ್ಲಿ ಹಗಲಿರುಳು ನಡೆಯುವ ಗಣಕಯಂತ್ರಗಳಲ್ಲಿ ಇರುತ್ತದೆ. ಆ ಯಂತ್ರಗಳಿಗೆ ಸರ್ವರ್ ಎಂದೂ ಕಟ್ಟಡಕ್ಕೆ ಡೇಟಾ ಸೆಂಟರ್ ಎಂದೂ ಹೆಸರು. ಪ್ರತಿಯೊಂದು ಕಚೇರಿಯೂ ತನ್ನದೇ ಸರ್ವರ್ ಇಡುವ ಬದಲು, ದೊಡ್ಡ ಡೇಟಾ ಸೆಂಟರಿನ ಯಂತ್ರಗಳನ್ನು ಬೇಕಾದಷ್ಟು ಮಾತ್ರ ಬಾಡಿಗೆಗೆ ಬಳಸುವ ಪದ್ಧತಿಯೇ ಕ್ಲೌಡ್ ಕಂಪ್ಯೂಟಿಂಗ್. ಹೆಸರು ಮೋಡವೆಂದಿದ್ದರೂ ಎಲ್ಲವೂ ನೆಲದ ಮೇಲೆಯೇ ಇದೆ, ನಮ್ಮ ಪಂಪ್‌ಸೆಟ್ಟಿಗೆ ಬರುವಂಥ ವಿದ್ಯುತ್ತಿನಿಂದಲೇ ನಡೆಯುತ್ತದೆ.

ಬಾಡಿಗೆ ಟ್ರ್ಯಾಕ್ಟರಿನ ಅನುಕೂಲ ರೈತರಿಗೆ ತಿಳಿದದ್ದೇ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಕೆಲಸವಿಲ್ಲದೆ ನಿಂತ ಟ್ರ್ಯಾಕ್ಟರಿಗೆ ಡೀಸೆಲ್ ಬೇಡ. ಸರ್ವರನ್ನು ಹಾಗೆ ಆರಿಸಿಡಲಾಗದು. ಯಾರು ಯಾವಾಗ ಕೇಳುವರೋ ತಿಳಿಯದು. ಸುಮ್ಮನೆ ಚಾಲೂ ಇರುವಾಗಲೂ ಹಳೆಯ ಮಾದರಿಯ ಸರ್ವರ್, ಪೂರ್ಣ ಕೆಲಸದ ವೇಳೆ ಬಳಸುವ ವಿದ್ಯುತ್ತಿನ ಸುಮಾರು ಅರ್ಧದಷ್ಟನ್ನು ಎಳೆಯುತ್ತದೆ. ಹಲವು ಕಚೇರಿಗಳ ಕೆಲಸವನ್ನು ಒಂದೇ ಯಂತ್ರಕ್ಕೆ ವಹಿಸಿದಾಗ ಈ ದಂಡ ತಪ್ಪುತ್ತದೆ. ಉಳಿತಾಯದ ಗುಟ್ಟು ಮುಖ್ಯವಾಗಿ ಇದೇ.

ಯಂತ್ರಗಳು ಕಾಯುವುದರಿಂದ ಅವನ್ನು ತಂಪಾಗಿಡಲೂ ವಿದ್ಯುತ್ ಬೇಕು. ಯಂತ್ರಗಳಿಗೆ 100 ಯೂನಿಟ್ ಖರ್ಚಾದರೆ ತಂಪು ಮತ್ತಿತರ ವ್ಯವಸ್ಥೆಗೆ ಸಾಧಾರಣ ಕೇಂದ್ರಗಳಲ್ಲಿ ಇನ್ನೂ 50 ಯೂನಿಟ್‌ಗೂ ಹೆಚ್ಚು ಬೇಕಾಗುತ್ತದೆ. ಗೂಗಲ್‌ನಂಥ ದೊಡ್ಡ ಸಂಸ್ಥೆಗಳ ಕೇಂದ್ರಗಳಲ್ಲಿ ಸರಾಸರಿ 10 ಸಾಕು. ಫಿನ್ಲೆಂಡ್ ದೇಶದ ಹಮಿನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯೊಂದನ್ನು ಗೂಗಲ್ ಕೊಂಡು, 2011ರಿಂದ ಅಲ್ಲಿ ಡೇಟಾ ಸೆಂಟರ್ ನಡೆಸುತ್ತಿದೆ. ಕಾರ್ಖಾನೆಗಾಗಿ ಹಿಂದೆಯೇ ಕೊರೆದಿದ್ದ ಸುರಂಗದ ಮೂಲಕ ಸಮುದ್ರದ ತಣ್ಣೀರು ತಂದು ಯಂತ್ರಗಳ ಕಾವನ್ನು ಕಳೆಯುತ್ತಾರೆ. ನಮ್ಮ ಬಿಸಿಲಿನ ನಾಡಿನಲ್ಲಿ ಇದು ಸುಲಭವಲ್ಲವೆಂಬುದು ಬೇರೆ ಮಾತು.

ಇಂಥ ಕ್ರಮಗಳ ಫಲ ದೊಡ್ಡದು. 2010ರಿಂದ 2018ರವರೆಗೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಸುಮಾರು ಆರು ಪಟ್ಟಾದರೂ ಅವುಗಳ ವಿದ್ಯುತ್ ಬಳಕೆ ಹೆಚ್ಚಿದ್ದು ಶೇಕಡಾ 6ರಷ್ಟು ಮಾತ್ರವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಆದರೆ ಇಷ್ಟಕ್ಕೇ ಸಂತೋಷಪಡುವಂತಿಲ್ಲ. ಹನಿ ನೀರಾವರಿಯಿಂದ ಉಳಿದ ನೀರಿಗೆ ಇನ್ನೆರಡು ಎಕರೆ ಕಬ್ಬು ನಾಟಿ ಮಾಡಿದರೆ ಕೊಳವೆಬಾವಿಗೆ ಬಂದ ಲಾಭವೇನು? ಇಲ್ಲಿಯೂ ಹಾಗೆಯೇ ಆಗುತ್ತಿದೆ. ಕೃತಕ ಬುದ್ಧಿಮತ್ತೆಯ ಬಳಕೆ ಬೆಳೆದಂತೆ ಬೇಡಿಕೆ ಏರಿ, ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರ್‌ಗಳು ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡಾ 1.5ರಷ್ಟನ್ನು ಬಳಸಿದವು. ನೀರನ್ನು ಆವಿಯಾಗಿಸಿ ತಂಪು ಮಾಡುವ ವಿಧಾನದಲ್ಲಿ ವಿದ್ಯುತ್ ಉಳಿಯುತ್ತದೆ, ಆದರೆ ನೀರು ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಅಂತರ್ಜಲ ಕುಸಿದ ಕಡೆ ಇದು ಲಾಭದ ವ್ಯಾಪಾರವಲ್ಲ.

ನಿಮ್ಮ ಊರಿನ ಬಳಿ ಡೇಟಾ ಸೆಂಟರ್ ಬರುವುದಾದರೆ ಗ್ರಾಮಸಭೆಯಲ್ಲಿ ಎರಡು ವಿಷಯ ಕೇಳಿ ತಿಳಿಯಿರಿ: ತಂಪು ವ್ಯವಸ್ಥೆಗೆ ನೀರು ಎಲ್ಲಿಂದ ತರುತ್ತಾರೆ, 100 ಯೂನಿಟ್‌ಗೆ ಮೇಲೆ ಎಷ್ಟು ಯೂನಿಟ್ ಖರ್ಚಾಗುತ್ತದೆ.